ಮೊದಲ ಕತ್ತರಿ

ಶಿಷ್ಯನೊಬ್ಬ ಕೇಳಿದ: "ಅವ್ವಾ, ಒಬ್ಬರ ಮ್ಯಾಲ ತಪ್ಪು ಹೊರಿಸಿದ್ವಿ. ಆಮ್ಯಾಲ ಅವರದೇನೂ ತಪ್ಪಿಲ್ಲ ಅಂತ ತಿಳೀತು. ಹೋಗಿ ಎಲ್ಲಾ ಬಿಡಿಸಿ ಹೇಳಿದ್ವಿ. ಆದ್ರೂ ಅವರು ತಿರುಗಿ ಬರಲಿಲ್ಲ. ಇನ್ನ ನಾವು ಮಾಡೂದು ಏನು ಉಳದದ?"

ಅವ್ವ ಮಠದ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳು ಓದು ಬರಹ ಕಲಿತವಳಲ್ಲ. ಆದರೆ ಸುತ್ತಿನ ಊರುಗಳಲ್ಲಿ ಯಾರ ಮನೆಯ ಹಾಲು ಒಡೆಯಿತು, ಯಾರ ಮನೆಯ ಅಣ್ಣತಮ್ಮಂದಿರು ಒಡೆದರು ಎಂಬುದು ಆ ಮನೆಯವರಿಗಿಂತ ಮೊದಲು ಅವಳ ಕಿವಿಗೆ ಬೀಳುತ್ತಿತ್ತು.

"ಯಾರ ಮನಿ ಸುದ್ದಿ ಇದು?" ಎಂದಳು.

"ಯಾರದೂ ಅಲ್ಲವ್ವಾ. ಸುಮ್ಮ ಕೇಳಿದೆ."

"ಸುಮ್ಮ ಕೇಳಾವರ ಕಿವಿ ಕೆಂಪಾಗೂದಿಲ್ಲಪ್ಪಾ. ಇರ್ಲಿ, ಹೆಸರು ಬ್ಯಾಡ. ಹೆಸರಿಲ್ಲದ ಒಂದು ಕತಿ ಹೇಳ್ತೀನಿ, ಕೇಳು."

ಅವಳು ಹೇಳಿದ್ದು ಇದು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ರೈತ. ಆ ಊರಿನಲ್ಲಿ ಎಲ್ಲರದೂ ದ್ರಾಕ್ಷಿ ತೋಟವೇ. ಆದರೆ ಉಳಿದವರದು ತಿನ್ನುವ ದ್ರಾಕ್ಷಿ. ದರ ಬಂದರೆ ಹಸಿಯಾಗಿ ಮಾರುತ್ತಾರೆ, ಬರದಿದ್ದರೆ ಒಣಗಿಸಿ ಮಣೂಕ ಮಾಡಿ ಮಾರುತ್ತಾರೆ. ಈ ರೈತ ಹಾಕಿದ್ದು ವೈನ್ ಮಾಡುವ ದ್ರಾಕ್ಷಿ. ಕರಿ ಹಣ್ಣು, ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆಲ್ಲ ಬೀಜ. ಬಾಯಿಗೆ ಹಾಕಿಕೊಂಡವರು ನುಂಗಿದ್ದಕ್ಕಿಂತ ಉಗುಳಿದ್ದೇ ಹೆಚ್ಚು. ಒಣಗಿಸಿದರೆ ಆಡಿನ ಹಿಕ್ಕೆಯಂತೆ ಕಾಣುತ್ತದೆ. ಅದನ್ನು ಕೊಳ್ಳುವವನು ಒಬ್ಬನೇ, ವೈನ್ ಕಾರ್ಖಾನೆಯ ವ್ಯಾಪಾರಿ. ಒಂದೇ ಬಾಗಿಲಿನ ಮನೆ ಅದು. ಆ ಬಾಗಿಲು ಮುಚ್ಚಿದರೆ ಒಳಗಿದ್ದವನು ಒಳಗೇ.

ಊರಿನ ಬಾಯಿ ಸುಮ್ಮನಿರುತ್ತದೆಯೇ? ನಳದ ಹತ್ತಿರ ಕೊಡ ಇಟ್ಟು ನಿಂತ ಹೆಂಗಸರು, "ಹೆಂಡಕ್ಕ ಹಣ್ಣು ಬೆಳ್ಯಾಕ ಹತ್ಯಾನ, ಇವನ ಹೊಟ್ಟಿ ಹೆಂಗ ತಣ್ಣಗಿರ್ತದ?" ಎಂದು ಆಡಿಕೊಂಡರು. ಹಾಗೆ ಅಂದವರಲ್ಲಿ ಅರ್ಧ ಮಂದಿಯ ಗಂಡಂದಿರು ಸಂಜೆಗೆ ಗೋಡೆ ಹಿಡಿದುಕೊಂಡು ಮನೆ ಸೇರುತ್ತಿದ್ದರು ಎಂಬುದು ಬೇರೆ ಮಾತು.

ಆ ರೈತನ ತಾಯಿ ಅವನು ತೊದಲುವ ವಯಸ್ಸಿನಲ್ಲೇ ತೀರಿಕೊಂಡಿದ್ದಳು. ಅಣ್ಣನನ್ನು ಮದುವೆಯಾಗಿ ಬಂದ ಹೆಣ್ಣೇ ಅವನ ಮೂಗು ಒರೆಸಿ, ತುತ್ತು ಇಟ್ಟು, ಹೊಡೆದು, ರಮಿಸಿ ದೊಡ್ಡವನನ್ನಾಗಿ ಮಾಡಿದಳು. ಆ ಅತ್ತಿಗೆಯನ್ನು ಅವನು ವೈನಿ ಎನ್ನುತ್ತಿದ್ದ. ಅವಳಿಗೆ ಮಕ್ಕಳಾಗುವ ಮೊದಲೇ ಅಣ್ಣ ಸತ್ತ. ಅಲ್ಲಿಂದ ವೈನಿ ಆ ಮನೆಯಲ್ಲಿ ಇದ್ದೂ ಇಲ್ಲದಂತೆ ಇದ್ದಳು. ಮದುವೆ ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಹೋಳಿಗೆ ಬೇಯಿಸುವುದಕ್ಕೆ ಅವಳು ಬೇಕು. ಆರತಿ ಎತ್ತುವ ಹೊತ್ತಿಗೆ ಅವಳೇ ತಾನಾಗಿ ಬಾಗಿಲ ಮರೆಗೆ ಸರಿಯುತ್ತಿದ್ದಳು. ಸರಿದು ನಿಲ್ಲು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಆ ಸೀಮೆಯಲ್ಲಿ ದಸರೆ ಕಳೆದ ಮೇಲೆ ದ್ರಾಕ್ಷಿಬಳ್ಳಿಯ ಕಡ್ಡಿ ಕತ್ತರಿಸುತ್ತಾರೆ. ಅದಕ್ಕೆ ಚಾಟಣಿ ಎನ್ನುತ್ತಾರೆ. ಕತ್ತರಿಸಿದ ಕಡೆ ಚಿಗುರು ಒಡೆಯುತ್ತದೆ, ಚಿಗುರಿನಲ್ಲಿ ಗೊನೆ ಬರುತ್ತದೆ. ಮೊದಲ ಕಡ್ಡಿಯನ್ನು ಕೂಲಿಯಾಳು ಮುಟ್ಟುವಂತಿಲ್ಲ. ಮನೆಯ ಮುತ್ತೈದೆ ಕತ್ತರಿಗೆ ಅರಿಶಿನ ಕುಂಕುಮ ಹಚ್ಚಿ, ಮೂಡಣ ಸಾಲಿನ ಮೊದಲ ಬಳ್ಳಿಗೆ ಹಾಕಬೇಕು. ಆಕೆಯ ಕೈಗುಣ ಹೇಗೋ ಹಣ್ಣಿನ ಸಿಹಿ ಹಾಗೆ. ಇದು ಅವರ ನಂಬಿಕೆ.

ರೈತನ ತೋಟ ಫಲಕ್ಕೆ ಬಂದ ವರ್ಷ, ಸರಿಯಾಗಿ ಚಾಟಣಿಯ ದಿನವೇ ಅವನ ಹೆಂಡತಿ ಮುಟ್ಟಾಗಿ ಹೊರಗೆ ಕೂತಳು. ಕೂಲಿಯವರ ತಂಡ ಮರುದಿನ ಇನ್ನೊಬ್ಬರ ತೋಟಕ್ಕೆ ಹೋಗುವುದಿತ್ತು. ಇವತ್ತು ಬಿಟ್ಟರೆ ಮತ್ತೆ ಯಾವಾಗ ಸಿಗುತ್ತಾರೋ ಯಾರಿಗೆ ಗೊತ್ತು. ರೈತ ಅತ್ತ ನೋಡಿದ, ಇತ್ತ ನೋಡಿದ. ವೈನಿ ತಲೆಯ ಮೇಲಿನ ರೊಟ್ಟಿಬುಟ್ಟಿ ಇಳಿಸುತ್ತಿದ್ದಳು.

"ವೈನಿ, ಮೊದಲ ಕತ್ತರಿ ನೀನೇ ಹಾಕಿಬಿಡು."

"ನಾನಾ? ಮಂದಿ ಏನಂದಾರು?"

"ಮಂದಿ ಬಂದು ನಮ್ಮ ತ್ವಾಟಕ್ಕ ನೀರು ಹಾಯಿಸ್ತಾರೇನು? ಹಾಕು."

ಅವಳು ಹಾಕಿದಳು. ಕಡ್ಡಿ ಓರೆಯಾಗಿ ತುಂಡಾಯಿತು. ಬುಟ್ಟಿ ಹೊತ್ತು ಅವಳು ಮನೆ ಮುಟ್ಟುವುದರೊಳಗೆ ಸುದ್ದಿ ನಳದ ಕಟ್ಟೆ ಮುಟ್ಟಿತ್ತು. ರಂಡೆಮುಂಡೆ ಕೈಯಿಂದ ಚಾಟಣಿ ಮಾಡಿಸಿದ, ಇನ್ನು ಬಳ್ಳಿ ಒಣಗುವುದೊಂದೇ ಬಾಕಿ ಎಂದರು. ಕೆಲವರು ಒಣಗಿತೇ ಎಂದು ನೋಡಲು ಬೇಲಿಯವರೆಗೆ ಬಂದೂ ಹೋದರು.

ಬಳ್ಳಿ ಒಣಗಲಿಲ್ಲ. ಆ ಚಳಿಗಾಲದಲ್ಲಿ ಮೋಡ ಈ ಊರಿನ ಮೇಲೆ ಹಾಯಲೇ ಇಲ್ಲ. ಹಗಲು ಬಿಸಿಲು, ರಾತ್ರಿ ಥಂಡಿ. ಹಣ್ಣು ಮಸಿಯಂತೆ ಕಪ್ಪಾಯಿತು. ವ್ಯಾಪಾರಿ ಬಂದ. ಒಂದು ಕಾಳು ಹಿಂಡಿ, ರಸವನ್ನು ಗಾಜಿಗೆ ಸವರಿ, ಸಣ್ಣದೊಂದು ಕೊಳವೆಯನ್ನು ಕಣ್ಣಿಗೆ ಹಿಡಿದು ಬಿಸಿಲಿನತ್ತ ನೋಡಿದ. ಹಣ್ಣಿನ ಸಿಹಿ ಅದರೊಳಗೆ ಗೆರೆಯಾಗಿ ಕಾಣುತ್ತದಂತೆ. ಇನ್ನೊಂದು ಕಾಳು ಹಿಂಡಿ ಮತ್ತೆ ನೋಡಿದ.

"ಇಂಥಾ ಹಣ್ಣು ಈ ವರ್ಷ ನಾ ಎಲ್ಲೂ ನೋಡಿಲ್ಲ ನೋಡಪ್ಪ," ಎಂದ.

ರೈತ ಹಿಗ್ಗಿನಲ್ಲಿ ನಕ್ಕು, "ನಮ್ಮ ವೈನಿ ಕೈಗುಣರೀ ಸಾಹುಕಾರ್ರ," ಎಂದ. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಆಡಿದ. ಆದರೆ ಹೆಗಲ ಮೇಲೆ ಹಣ್ಣಿನ ಬುಟ್ಟಿ ಹೊತ್ತ ಕೂಲಿಯವರು ಆ ಮಾತನ್ನೂ ಹೊತ್ತುಕೊಂಡು ಹೋದರು.

ಮರುವರ್ಷವೂ ವೈನಿಯೇ ಕತ್ತರಿ ಹಾಕಿದಳು. ಮತ್ತೆ ಅದೇ ಸಿಹಿ, ಅದೇ ದರ. ಆಗ ನೋಡು, ಊರಿನ ನಾಲಿಗೆ ಹೇಗೆ ಹೊರಳಿತು. ಬೇಲಿಯವರೆಗೆ ಬಂದು ಹೋದವರೇ ಮನೆಯವರೆಗೆ ಬಂದರು. "ನಮ್ಮ ತ್ವಾಟದಾಗೂ ಒಂದ ಕಡ್ಡಿ ಹಾಕಿಬಿಡವ್ವಾ, ನಿನ್ನ ಕೈಗುಣ ಚೊಲೊ ಐತಿ," ಎಂದರು. ಸಕ್ಕರೆ ಕಂಡಲ್ಲಿ ಶಾಸ್ತ್ರವೂ ಕರಗುತ್ತದೆ. ಗೌಡರ ಮನೆಯ ಹಿರಿಸೊಸೆ, ವೈನಿಯ ನೆರಳು ಬಿದ್ದರೆ ಸೆರಗು ಜಾಡಿಸುತ್ತಿದ್ದವಳು, ತಾನೇ ಕರೆಯಲು ಬಂದು, ಕತ್ತರಿ ಹಾಕಿಸಿ, ಹೋಗುವಾಗ ಒಂದು ಹಸಿರು ಸೀರೆ ಮಡಿಲಿಗೆ ಹಾಕಿ ಕಳಿಸಿದಳು. ವಿಧವೆಗೆ ಹಸಿರು ಸೀರೆ! ನಾಲ್ಕು ದಿನ ಊರಿಗೆ ಬೇರೆ ಮಾತೇ ಇರಲಿಲ್ಲ.

ವೈನಿ ಅದನ್ನು ಮೊದಲು ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಒಂದು ದಿನ ಉಟ್ಟಳು. ಉಟ್ಟುಕೊಂಡು ಓಣಿಯ ನಡುವೆ ನಡೆದಳು. ಇಷ್ಟು ವರ್ಷ ಗೋಡೆಯ ಬದಿಗೆ ನಡೆದವಳು ಅವಳು. ರೈತ ಕಟ್ಟೆಯ ಮೇಲೆ ಕೂತು ನೋಡಿದ. ಅವಳ ಮುಖದ ಮೇಲೆ ನಗು ಇತ್ತು. ಅಣ್ಣ ಇದ್ದಾಗ ಆ ನಗು ಹೀಗೆಯೇ ಇತ್ತೇನೋ ಎಂದು ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಅವನು ಆಗ ಬಹಳ ಚಿಕ್ಕವನು. ಇಷ್ಟಾದರೂ ಮಾಡಿದೆನಲ್ಲ ಎಂದು ಅವನ ಎದೆ ತುಂಬಿತು.

ಆಮೇಲಿನ ವರ್ಷ ಹಣ್ಣು ಬಿಡಿಸಬೇಕು ಎನ್ನುವ ವಾರದಲ್ಲಿ ಮಳೆ ಬಂತು. ಕಾಲವಲ್ಲದ ಮಳೆ. ಕಾಳುಗಳು ನೀರು ಕುಡಿದು ಊದಿಕೊಂಡು ಬಿರಿದವು. ವ್ಯಾಪಾರಿ ಕೊಳವೆಯಲ್ಲಿ ನೋಡಿ ತಲೆಯಾಡಿಸಿದ. "ಬರೇ ನೀರು ಐತಿ," ಎಂದು ದರ ಇಳಿಸಿ ಒಯ್ದ. ರೈತ ಆಕಾಶವನ್ನು ಬೈದ. ಬೈದ ಮೇಲೆ ಸಮಾಧಾನವಾಯಿತು. ಮಳೆ ಕಣ್ಣಿಗೆ ಕಂಡದ್ದು, ಅದರಲ್ಲಿ ಅನುಮಾನವಿರಲಿಲ್ಲ.

ಅದರ ಮರುವರ್ಷ ಆಕಾಶ ಒಳ್ಳೆಯದಾಗಿತ್ತು. ಹಣ್ಣು ಕಪ್ಪಾಗಿತ್ತು. ವ್ಯಾಪಾರಿ ಕೊಳವೆಯನ್ನು ಕಣ್ಣಿಗೆ ಹಿಡಿಯಲೇ ಇಲ್ಲ.

"ಈ ಸಲ ಅರ್ಧ ಒಯ್ದರ ಹೆಚ್ಚು," ಎಂದ.

"ಯಾಕ್ರೀ, ಸಿಹಿ ಕಮ್ಮಿ ಆಗೇತೇನು?"

"ಸಿಹಿ ಐತಪ್ಪ, ಕುಡಿಯಾವರು ಇಲ್ಲ. ಪ್ಯಾಟ್ಯಾಗ ಈಗಲೇ ಬ್ಯಾಸಗಿ ಹತ್ತೇತಿ. ಮಂದಿ ಈಗ ಬಿಳಿ ವೈನ್ ಕೇಳ್ತಾರ, ತಣ್ಣಗ ಮಾಡಿ ಕುಡಿಯಾಕ. ಕೆಂಪು ಅಲ್ಲೇ ಪೀಪಾಯಿಯೊಳಗ ಕೂತೈತಿ. ನಾ ಏನ್ ಮಾಡ್ಲಿ?"

ಉಳಿದ ಹಣ್ಣು ಬಳ್ಳಿಯಲ್ಲೇ ಕೊಳೆಯಿತು. ತೋಟದ ತುಂಬ ಹುಳಿ ವಾಸನೆ. ರೈತ ಸಾಲುಗಳ ನಡುವೆ ತಿರುಗಿದ. ಅವನಿಗೆ ಇದು ತಿಳಿಯಲಿಲ್ಲ. ಆಕಾಶ ಸರಿ ಇದೆ, ಹಣ್ಣು ಸರಿ ಇದೆ, ದರ ಮಾತ್ರ ಇಲ್ಲ. ಮೋಡಕ್ಕಾದರೆ ಮೋರೆಯೆತ್ತಿ ಬೈಯಬಹುದು. ಯಾವ ಊರಿನ ಯಾವ ಮಹಡಿಯಲ್ಲಿ ಕೂತ ಯಾರ ಬಾಯಿಗೆ ಕೆಂಪು ಬೇಡವಾಯಿತೋ, ಅವರನ್ನು ಎಲ್ಲಿ ಹುಡುಕಿ ಬೈಯುವುದು? ದೂರದ್ದು ಕಾಣದಿದ್ದಾಗ ಕಣ್ಣು ಹತ್ತಿರದ್ದರ ಮೇಲೆ ಕೂರುತ್ತದೆ.

ಹತ್ತಿರ ತೋರಿಸುವುದಕ್ಕೆ ಊರು ಇತ್ತಲ್ಲ. ಗೌಡರ ಹಿರಿಸೊಸೆಯೇ ಮೊದಲು ಶುರು ಮಾಡಿದಳು. ಹಿಂದಿನ ವರ್ಷದ ಮಳೆ ಅವಳ ತೋಟಕ್ಕೂ ಹೊಡೆದಿತ್ತು. "ಎಷ್ಟಂದ್ರೂ ಗಂಡನ್ನ ಕಳಕೊಂಡ ಕೈ. ಮೊದಲೇನೋ ನಡೀತು," ಎಂದಳು. ಸೀರೆ ಕೊಟ್ಟದ್ದು ತಾನೇ ಎಂಬುದು ಅವಳ ನೆನಪಿನಿಂದ ಜಾರಿಹೋಗಿತ್ತು. ಮನೆಯಲ್ಲಿ ರೈತನ ಹೆಂಡತಿ ರೊಟ್ಟಿ ಬಡಿಯುತ್ತ ಹಂಚಿಗೆ ಹೇಳಿದಂತೆ ಹೇಳಿದಳು: "ಇಷ್ಟ ವರ್ಷ ರೊಟ್ಟಿ ಬಡದಾಕಿ ನಾನು, ಹೆಸರು ಕಡ್ಡಿ ಕತ್ತರಿಸಿದಾಕೀದು. ಈಗ ಹಣ್ಣು ಕೊಳತದ್ದೂ ಆಕೀ ಹೆಸರಿಗೇ ಬರಕೋರಿ ಮತ್ತ."

ರೈತ ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ಅಲ್ಲ ಎನ್ನದ ಮಾತು ಮನಸ್ಸಿನಲ್ಲಿ ಬೇರುಬಿಡಲು ಎಷ್ಟು ಹೊತ್ತು ಬೇಕು?

ಮತ್ತೆ ಚಾಟಣಿ ಬಂತು. ವೈನಿ ಮಿಂದು, ಹಸಿರು ಸೀರೆ ಉಟ್ಟು, ಕತ್ತರಿಗೆ ಅರಿಶಿನ ಹಚ್ಚಿಕೊಂಡು ತೋಟಕ್ಕೆ ಬಂದಳು. ರೈತ ಬದುವಿನ ಮೇಲೆ ನಿಂತಿದ್ದ. ಈ ಸಲ ನೀನು ದಣಿಯಬೇಡ, ಮನೆಯಲ್ಲಿರು ಎಂದು ಮೆತ್ತಗೆ ಹೇಳಿ ಕಳಿಸಬೇಕು ಎಂದುಕೊಂಡಿದ್ದ. ಆದರೆ ಕೂಲಿಯವರು ನೋಡುತ್ತಿದ್ದರು. ಪಕ್ಕದ ತೋಟದವರು ಇಲ್ಲದ ಕೆಲಸ ಹುಡುಕಿಕೊಂಡು ಬೇಲಿಯ ಹತ್ತಿರ ನಿಂತಿದ್ದರು. ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಹಿಂದೆ ಇದ್ದಳು.

"ವೈನಿ, ಈ ಸಲ ನೀ ಬ್ಯಾಡ," ಎಂದ.

"ಯಾಕಪಾ? ನನ್ನ ಕೈ ಏನ್ ಮಾಡ್ತು?"

ಅಷ್ಟು ಮಂದಿಯ ಮುಂದೆ ಉತ್ತರ ಸಿಗದವನಿಗೆ ಸಿಟ್ಟು ಬೇಗ ಸಿಗುತ್ತದೆ.

"ಅಣ್ಣನ್ನ ನುಂಗಿದ ಕೈ, ಬಳ್ಳೀನ ಬಿಟ್ಟೀತೇನು?"

ಬೇಲಿಯ ಹತ್ತಿರದವರು, ವೈನಿ ಅಳುತ್ತಾಳೆ, ಕೂಗಾಡುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದರು. ಅವಳು ಕತ್ತರಿಯನ್ನು ಬದುವಿನ ಕಲ್ಲಿನ ಮೇಲೆ ಇಟ್ಟಳು. ಬೆರಳಿಗೆ ಹತ್ತಿದ ಅರಿಶಿನವನ್ನು ಸೆರಗಿಗೆ ಒರೆಸಿಕೊಂಡಳು. ಬಂದ ದಾರಿ ಹಿಡಿದು ಹೋದಳು. ಅದೇ ದಿನದ ಬಸ್ಸಿಗೆ ತಂಗಿಯ ಊರಿಗೆ ಹೊರಟಳು. ಹೋಗುವಾಗ ಬಿಳಿ ಸೀರೆ ಉಟ್ಟಿದ್ದಳು.

ರೈತನ ಹೆಂಡತಿ ಕತ್ತರಿ ಹಾಕಿದಳು.

ಇನ್ನು ಆ ವರ್ಷದ ಬೆಳೆ ಕೇಳು. ಹಾಳಾಗಿದ್ದರೆ ಕತೆ ಚೆನ್ನಾಗಿರುತ್ತಿತ್ತು. ಹಾಳಾಗಲಿಲ್ಲ. ಹಣ್ಣು ಹಿಂದೆಂದೂ ಇಲ್ಲದ ಹಾಗೆ ಬಂತು. ವ್ಯಾಪಾರಿ ಇನ್ನೂ ಬಿಡಿಸುವ ಮೊದಲೇ ಓಡಿ ಬಂದು, ಒಂದು ಗೊನೆಯೂ ಬೇರೆಯವರಿಗೆ ಕೊಡಬೇಡ ಎಂದ. ಬೇರೆಯವರು ಯಾರಿದ್ದರು ಪಾಪ. ದರ ಹೇಳಿದ್ದು ಕೇಳಿ ರೈತನೇ ಮತ್ತೊಮ್ಮೆ ಕೇಳಿದ. ಊರು, "ನೋಡ್ರಿ, ಮುತ್ತೈದಿ ಕೈ ಅಂದ್ರ ಏನು," ಎಂದಿತು. ಓಣಿಯ ನಡುವೆ ನಡೆಯುವ ಸರದಿ ಈಗ ಅವನ ಹೆಂಡತಿಯದಾಯಿತು. ರೈತನಿಗೂ ನೆಮ್ಮದಿ. ತಾನು ಆಡಿದ್ದು ಕೆಟ್ಟ ಮಾತಿರಬಹುದು, ಸುಳ್ಳಲ್ಲ ಎಂದುಕೊಂಡ.

ಹಣ್ಣಿನ ಗಾಡಿ ತುಂಬುವ ಹೊತ್ತಿಗೆ ವ್ಯಾಪಾರಿ ಅವನ ಮನೆಯಲ್ಲಿ ಊಟಕ್ಕೆ ಕೂತ. ರೈತ ತುಪ್ಪ ಬಡಿಸುತ್ತ, "ಈ ಸಲ ಕೈಗುಣ ಬದಲಿ ಮಾಡಿದ್ವಿ ನೋಡ್ರಿ," ಎಂದ.

"ಏನು ಕೈಗುಣ?"

"ಅದೇರೀ, ಮೊದಲ ಕತ್ತರಿ."

ವ್ಯಾಪಾರಿ ನಗುತ್ತ ಅನ್ನ ಕಲಸಿದ. "ಎಲ್ಲೀ ಕೈಗುಣ ಹಚ್ಚಿದಿಯೋ ಮಾರಾಯ. ಆಚೀ ಸೀಮ್ಯಾಗ ಆಲಿಕಲ್ಲು ಬಿದ್ದು ಹಣ್ಣೆಲ್ಲಾ ನೆಲಕ್ಕ ಹೋತು. ಇತ್ತ ಪ್ಯಾಟ್ಯಾಗ ಮಂದಿ ಮತ್ತ ಕೆಂಪು ಕೇಳಾಕ ಹತ್ಯಾರ. ಯಾವನೋ ಡಾಕ್ಟರು ಎದಿಗೆ ಚೊಲೊ ಅಂದನಂತ. ಕುಡಿಯಾವರಿಗೆ ಅಷ್ಟು ಸಾಕಲ್ಲ. ಅಲ್ಲಿ ಹಣ್ಣಿಲ್ಲ, ಇಲ್ಲಿ ಐತಿ. ಅದಕ್ಕ ಈ ದರ."

ರೈತನ ಕೈಯಲ್ಲಿ ತುಪ್ಪದ ಮಿಳ್ಳೆ ನಿಂತಿತು. "ಮತ್ತ ಮೊದಲನೇ ವರ್ಷ?"

"ಆಗೂ ಹಂಗೇ. ಸುತ್ತೆಲ್ಲಾ ಮಳಿ ಬಿತ್ತು, ನಿಮ್ಮ ಊರಿಗೆ ತಪ್ಪಿತು. ಆಗಿನ್ನೂ ಪ್ಯಾಟಿಯವರಿಗೆ ಕೆಂಪು ಹೊಸಾದು. ಇದರಾಗ ನಿನ್ನದೂ ಇಲ್ಲ, ನಿನ್ನ ಬಳ್ಳೀದೂ ಇಲ್ಲ. ಬಡಸು ತುಪ್ಪ."

ವ್ಯಾಪಾರಿ ಉಂಡು ಎದ್ದ. ರೈತನಿಗೆ ಉಣ್ಣಲಾಗಲಿಲ್ಲ. ಗಾಡಿ ಊರು ದಾಟುವುದರೊಳಗೆ ಅವನು ಬಸ್ಸಿನಲ್ಲಿದ್ದ. ದಾರಿಯುದ್ದಕ್ಕೂ ಅವನ ಎದೆ ಹಗುರವಾಗುತ್ತ ಹೋಯಿತು. ಇದನ್ನು ಕೇಳಿದರೆ ವೈನಿ ಎಷ್ಟು ಸಂತೋಷಪಡುತ್ತಾಳೆ! ಅವಳ ಮೇಲಿನ ಕಳಂಕ ತೊಳೆದುಹೋಯಿತು. ಅದನ್ನು ಹೇಳಲು ತಾನೇ ಹೋಗುತ್ತಿದ್ದೇನೆ.

ವೈನಿ ತಂಗಿಯ ಮನೆಯ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಅವನನ್ನು ಕಂಡು, "ಉಂಡಿಯೇನಪಾ?" ಎಂದಳು. ಬೇರೇನೂ ಕೇಳಲಿಲ್ಲ. ರೊಟ್ಟಿ, ಮೊಸರು ತಂದಿಟ್ಟಳು. ಅವನು ರೊಟ್ಟಿ ಮುಟ್ಟದೆ ಎಲ್ಲ ಹೇಳಿದ. ಆಲಿಕಲ್ಲು ಬಿದ್ದದ್ದು ಹೇಳಿದ. ಮೊದಲ ವರ್ಷ ಮಳೆ ತಪ್ಪಿದ್ದು, ಆಮೇಲೆ ಮಳೆ ಹೊಡೆದದ್ದು, ಪೇಟೆಯವರು ಕೆಂಪು ಬಿಟ್ಟು ಬಿಳಿಗೆ ಹೋದದ್ದು, ಮತ್ತೆ ಕೆಂಪಿಗೆ ಬಂದದ್ದು, ಯಾವುದನ್ನೂ ಬಿಡಲಿಲ್ಲ. ಕಡೆಗೆ, "ನಿನ್ನ ಕೈಯಾಗ ಏನೂ ಇರಲಿಲ್ಲ ವೈನಿ. ಏನಂದ್ರ ಏನೂ ಇರಲಿಲ್ಲ," ಎಂದು ಅವಳ ಮುಖ ನೋಡಿದ.

ಅವಳು ಮೊರ ಕೆಳಗಿಟ್ಟಳು.

"ಹಂಗಾದ್ರ ಸಿಹಿ ಬಂದದ್ದೂ ನನ್ನ ಕೈಯಿಂದ ಅಲ್ಲ."

"ಅಲ್ಲ..." ಎಂದ. ಅಂದ ಮೇಲೆ ತಿಳಿಯಿತು. ಆಡಿದ್ದು ಆಗಿತ್ತು.

"ಈ ಅಂಗಳದಾಗ ಕುಂತು ಅದೊಂದ ಮಾತು ನೆನಸ್ಕೋತಿದ್ದೆ," ಎಂದಳು ವೈನಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಕಡೀಕ ಏನರ ಆಗ್ಲಿ, ಸ್ವಲ್ಪ ದಿನಾನಾದ್ರೂ ನನ್ನ ಕೈಯಾಗ ಸಿಹಿ ಇತ್ತು ಅಂತ. ಬರುವಾಗ ನಿಮ್ಮ ಮನಿಯಿಂದ ಅಷ್ಟ ತಂದಿದ್ದೆ."

"ಹಂಗಲ್ಲ ವೈನಿ... ಬಾ, ಮನಿಗೆ ಹೋಗೂಣು. ಬರೂ ಚಾಟಣಿಗೆ ಮೊದಲ ಕತ್ತರಿ ನೀನೇ ಹಾಕು."

"ಏನೂ ಇಲ್ಲದ ಕೈ ಒಯ್ದು ಏನ್ ಮಾಡ್ತಿ? ರೊಟ್ಟಿ ಉಣ್ಣು, ಬಸ್ಸು ಬರೂ ಹೊತ್ತಾತು."

ಅವನು ಉಂಡ. ಅವಳು ಅವನ ಎದುರು ಕೂತು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ, ಮೊಸರಿಗೆ ಚಟ್ನಿಪುಡಿ ಕಲಸಿ ಕೊಟ್ಟಳು. ದಾರಿಗೆಂದು ಇನ್ನೊಂದಿಷ್ಟು ರೊಟ್ಟಿ ಕಟ್ಟಿದಳು. ಬಾಗಿಲವರೆಗೆ ಬಂದಳು. ಬಸ್ಸಿನವರೆಗೆ ಬರಲಿಲ್ಲ.

ಮುಂದೆ ಅವನು ಎಷ್ಟೋ ಸಲ ಹೋದ. ಹೋದಾಗಲೆಲ್ಲ ಮಳೆ ಬೆಳೆಯ ಮಾತಾಡಿ ಬಂದ. ಅವನ ತೋಟದಲ್ಲಿ ಮೊದಲ ಕತ್ತರಿಯ ಪದ್ಧತಿ ನಿಂತುಹೋಯಿತು. ಕೂಲಿಯವರು ಬಂದು ಎಲ್ಲಿಂದಲೋ ಶುರು ಮಾಡುತ್ತಿದ್ದರು. ಒಂದು ವರ್ಷ ದರ ಬರುತ್ತಿತ್ತು, ಒಂದು ವರ್ಷ ಹಣ್ಣು ಕೊಳೆಯುತ್ತಿತ್ತು. ವೈನಿ ತಂಗಿಯ ಊರಿನಲ್ಲೇ ಕಣ್ಣುಮುಚ್ಚಿದಳು. ನಳದ ಹತ್ತಿರದ ಹೆಂಗಸರು, "ಬಾಳ ಸೊಕ್ಕು ಆಕೀಗೆ, ಕರಿಯಾಕ ಹೋದ್ರೂ ಬರಲಿಲ್ಲ," ಎಂದರು. ರೈತ ಆ ಮಾತು ಕೇಳಿಸಿಕೊಂಡ. ಆಗಲೂ ಅಲ್ಲವೆನ್ನಲಿಲ್ಲ.

ಕತೆ ಮುಗಿಯಿತು. ಶಿಷ್ಯ, "ಆದ್ರೂ ಪಾಪ ಅವ್ವಾ," ಎಂದ. "ಅವ ತಾನ ಹೋಗಿ ಎಲ್ಲಾ ಹೇಳಿದ್ನಲ್ಲ. ಇನ್ನೇನು ಹೇಳಬೇಕಿತ್ತು?"

ಅವ್ವ ಅವನ ಮುಖ ನೋಡಿದಳು.

"ಮಳಿ ಮಾಡಿದ್ದು ಹೇಳಿದ, ಪ್ಯಾಟಿ ಮಾಡಿದ್ದು ಹೇಳಿದ, ಬದುವಿನ ಮ್ಯಾಲ ನಿಂತು ತಾ ಮಾಡಿದ್ದು ಯಾವಾಗ ಹೇಳಿದ್ನೋ?"